ಮೊದಲು ಉತ್ತರ ಕೊಡಿ, ಹಕಾರ ಆಮೇಲೆ ತಿದ್ದಿ

ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯನ್ನು ಸುತ್ತಲಿನ ಹಳ್ಳಿಗಳ ಹಿರಿಯರು ‘ಏಮಗಿರಿ’ ಅನ್ನುತ್ತಾರೆ. ಬೆಟ್ಟದ ಬುಡದಲ್ಲಿ ಹರಿಯುವ ಹೊಳೆ ಅವರ ಬಾಯಲ್ಲಿ ‘ಏಮಾವತಿ’. ಬೆಟ್ಟದ ವೆಂಕಟರಮಣನಿಗೆ ಹರಕೆ ಹೊತ್ತವರು, ಅಣೆಕಟ್ಟೆಯ ನಾಲೆಯಿಂದ ಗದ್ದೆಗೆ ನೀರು ಕಟ್ಟಿದವರು ತಲೆಮಾರುಗಳಿಂದ ಹಾಗೇ ಅನ್ನುತ್ತ ಬಂದಿದ್ದಾರೆ. ಅಂಥ ಒಬ್ಬ ರೈತ ಸಭೆಯಲ್ಲಿ ಎದ್ದು, “ಏಮಾವತಿ ನೀರು ನಾಲೆ ಕೊನೇಗಂಟ ಯಾಕ್ ಬರ್ತಿಲ್ಲ ಸ್ವಾಮಿ?” ಎಂದು ಕೇಳಲಿ, ಮುಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಗುತ್ತಾರೆ. ಇನ್ನೊಬ್ಬರು “ಏಮಾವತಿ ಅಲ್ಲ ಕಣ್ರೀ, ಹೇಮಾವತಿ” ಎಂದು ತಿದ್ದುತ್ತಾರೆ. ರೈತ ತಡವರಿಸಿ ಕೂತುಬಿಡುತ್ತಾನೆ. ನೀರು ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ.

ಚರ್ಚೆಯ ನಡುವೆ ಎದುರಾಳಿಯ ಉಚ್ಚಾರಣೆ, ಕಾಗುಣಿತ ಹಿಡಿದು ಜಗ್ಗುವ ಈ ಚಾಳಿಯನ್ನು ಭಾಷಾಪ್ರೇಮ ಎಂದು ಒಪ್ಪಲು ನಾನು ತಯಾರಿಲ್ಲ. ಉತ್ತರ ಗೊತ್ತಿಲ್ಲದವರಿಗೆ, ಗೊತ್ತಿದ್ದೂ ಹೇಳಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಎದುರಿಗಿದ್ದವನು ಹೇಳಿದ್ದು ಸುಳ್ಳೆಂದು ತೋರಿಸುವ ಕಷ್ಟವೇ ಬೇಡ, ಅವನು ದಡ್ಡನೆಂದು ನಾಲ್ಕು ಜನರಿಗೆ ಅನ್ನಿಸಿದರೆ ಸಾಕು.

ಹಾಗೆ ನಗುವವರಿಗೆ ತಾವು ಕಾಯುತ್ತಿರುವ ಭಾಷೆಯ ಚರಿತ್ರೆಯಾದರೂ ಗೊತ್ತಿದೆಯೇ? ಹಾಲು, ಹಲ್ಲು, ಹುಲಿ, ಹಾವು ಎಂದು ನಾವೆಲ್ಲ ಶುದ್ಧವಾಗಿ ಉಚ್ಚರಿಸುವ ಮಾತುಗಳು 10ನೇ ಶತಮಾನದ ಪಂಪನಿಗೆ ಪಾಲ್, ಪಲ್, ಪುಲಿ, ಪಾವು ಆಗಿದ್ದವು. ತಮಿಳು, ಮಲಯಾಳಂಗಳು ಆ ಪಕಾರವನ್ನು ಇವತ್ತಿಗೂ ಉಳಿಸಿಕೊಂಡಿವೆ. ಕನ್ನಡದ ಬಾಯಲ್ಲಿ ಅದು ಮೆಲ್ಲಗೆ ಸಡಿಲಾಗಿ ಹಕಾರವಾಯಿತು. ಹಳೇ ಮೈಸೂರಿನ ಹಳ್ಳಿಗಳ ಬಾಯಿ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ ಹಕಾರವನ್ನೂ ಬಿಟ್ಟಿತು, ಹಾಲು ‘ಆಲು’ ಆಯಿತು. ಮೊದಲ ಹೆಜ್ಜೆಯನ್ನು ಬೆಳವಣಿಗೆ ಅಂದು ಎರಡನೆಯದನ್ನು ಮೌಢ್ಯ ಅನ್ನುವುದಕ್ಕೆ ಭಾಷಾಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಟ್ಟ. ಆ ಅಕ್ಷರ ಆಗಲೇ ಜನರ ನಾಲಗೆಯಿಂದ ಜಾರುತ್ತಿತ್ತು. ಇವತ್ತು ೞ, ಱ ಎರಡನ್ನೂ ನಾವು ಪೂರ್ತಿ ಕಳೆದುಕೊಂಡಿದ್ದೇವೆ. ಹಾಗೆಂದು ನಮ್ಮ ಪ್ರಾಧ್ಯಾಪಕರನ್ನು ಯಾರೂ ಅನಕ್ಷರಸ್ಥರೆಂದು ಹಂಗಿಸುವುದಿಲ್ಲ.

9ನೇ ಶತಮಾನದ ‘ಕವಿರಾಜಮಾರ್ಗ’ಕ್ಕೆ ಈ ವಿಷಯದಲ್ಲಿ ನಮಗಿಂತ ದೊಡ್ಡ ಮನಸ್ಸಿತ್ತು. ಓದದೆಯೂ ಕಾವ್ಯದಲ್ಲಿ ಪಳಗಿದ ಜನರ ನಾಡಿದು ಎಂದು ಅದು ಹೆಮ್ಮೆಪಡುತ್ತದೆ. ದೇಸಿ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಲು ಹೋದರೆ ವಾಸುಕಿಯೂ ಬೇಸತ್ತುಹೋದಾನು ಎಂದೂ ಹೇಳುತ್ತದೆ. ಕನ್ನಡ ಎಂದಲ್ಲ, ಕನ್ನಡಗಳು ಎಂದೇ ಅದು ಬಹುವಚನದಲ್ಲಿ ಹೇಳುವುದು.

ಮಂಡ್ಯದವರ ಮೇಲೆ ಕಟ್ಟಿರುವ ನಗೆಹನಿಗಳಲ್ಲಿ ನನಗೆ ತೀರಾ ಹೇಸಿಗೆ ಹುಟ್ಟಿಸುವುದು ‘ಆದರದ ಸ್ವಾಗತ’ವನ್ನು ‘ಹಾದರದ ಸ್ವಾಗತ’ ಮಾಡಿದ ಸ್ವಾಗತಕಾರನದು. ವೇದಿಕೆಗಳಲ್ಲಿ ಅದನ್ನು ಸಾವಿರ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾರೆ. ಆ ಹಕಾರ ಅವನ ಬಾಯಿಗೆ ಎಲ್ಲಿಂದ ಬಂತು? ಮನೆಯಿಂದ ಬಂದಿರಲು ಸಾಧ್ಯವಿಲ್ಲ, ಮನೆಯ ಮಾತಿನಲ್ಲಿ ಹಕಾರವೇ ಇಲ್ಲ. ಇಸ್ಕೂಲಿನಲ್ಲಿ ನಗಿಸಿಕೊಂಡು, ಕಾಲೇಜಿನಲ್ಲಿ ಅಣಕಿಸಿಕೊಂಡು, ಎಲ್ಲಿ ‘ಹ’ ಬಿಟ್ಟುಹೋಗುತ್ತದೋ ಎಂಬ ಭಯದಲ್ಲಿ ಅವನು ಬೇಡದ ಕಡೆಯೂ ಸೇರಿಸಿಬಿಟ್ಟ. ತಿದ್ದುವವರೇ ಹುಟ್ಟಿಸಿದ ಭಯ ಅದು. ಅದನ್ನು ಮತ್ತೆ ಅವನ ತಲೆಗೇ ಕಟ್ಟಿ ನಗುವುದು ಕ್ರೌರ್ಯ.

ಹೇಮಗಿರಿಯ ದನಗಳ ಜಾತ್ರೆಗೆ ಹೋಗಿ ವ್ಯಾಪಾರ ಹೇಗೆ ನಡೆಯುತ್ತದೆ ನೋಡಿ. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ‘ಎರಡಲ್ಲು’, ‘ನಾಕಲ್ಲು’, ‘ಆರಲ್ಲು’ ಎಂದು ವಯಸ್ಸು ಹೇಳುತ್ತಾರೆ. ಎಂಟೂ ಹಲ್ಲು ಬಂದಿದ್ದರೆ ‘ಬಾಯ್ಗೂಡದೆ’ ಅನ್ನುತ್ತಾರೆ. ಕೊಳ್ಳುವವನು ಬಗ್ಗಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಗೆ ಇಳಿಯುತ್ತಾನೆ. ಹೇಳಿದ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಈ ಕ್ರಮ ವಾದಕ್ಕೂ ಬೇಕು. ಆಡಿದವನ ನಾಲಗೆ ಬಿಟ್ಟು ಆಡಿದ ಮಾತಿನ ಹಲ್ಲು ಎಣಿಸಬೇಕು.

ಜಿ.ಪಿ. ರಾಜರತ್ನಂ ತಮ್ಮ ಕವಿತೆಗಳಲ್ಲಿ ಕುಡುಕ ರತ್ನನ ಬಾಯಿಂದ ಹಕಾರವಿಲ್ಲದ ಕನ್ನಡ ಆಡಿಸಿದ್ದು 1930ರ ದಶಕದಲ್ಲಿ. ರಾಜ್ಯೋತ್ಸವ ಬಂತೆಂದರೆ ಆ ‘ರತ್ನನ ಪದಗಳ’ನ್ನು ಎದೆಯುಬ್ಬಿಸಿ ಹಾಡುತ್ತೇವೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು, ಜೀ.ಶಂ. ಪರಮಶಿವಯ್ಯನವರು ಓದು ಬಾರದ ಹೆಂಗಸರ, ಹಾಡುಗಾರ ನೀಲಗಾರರ ಬಾಯಿಂದ ಕೇಳಿ ಬರೆದುಕೊಂಡದ್ದು ನಮ್ಮ ಜಾನಪದ ಭಂಡಾರವಾಯಿತು. ಹಾಡಿದಾಗ ಸಂಪತ್ತಾದ ಮಾತು, ಅದೇ ಜನ ನೀರು ಕೇಳಿದಾಗ ನಗೆಪಾಟಲಾಗುವುದೇಕೆ?

ಕಾಗುಣಿತ ಬೇಡ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಶಿಷ್ಟ ಬರವಣಿಗೆ ಕಲಿಯಲೇಬೇಕು, ಅದಿಲ್ಲದೆ ಒಂದು ಅರ್ಜಿಯೂ ಮುಂದಕ್ಕೆ ಹೋಗದ ವ್ಯವಸ್ಥೆಯಲ್ಲಿ ಬದುಕುತ್ತಿದ್ದೇವೆ. 2025ರ ಆರಂಭದಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವರೇ ಅಂಗನವಾಡಿಯ ಹಲಗೆಯ ಮೇಲೆ ‘ಶುಬವಾಗಲಿ’ ಎಂದು ಬರೆದಾಗ ಜನ ಕೇಳಿದ್ದು ಸರಿಯಾಗಿಯೇ ಇತ್ತು. ಕನ್ನಡ ಆಗ ಅವರದೇ ಖಾತೆಯಾಗಿತ್ತು. ಅಧಿಕಾರದಲ್ಲಿ ಇರುವವರನ್ನು ಕೇಳುವುದಕ್ಕೂ ಅಧಿಕಾರದ ಮುಂದೆ ಅಹವಾಲು ಹಿಡಿದು ನಿಂತವನನ್ನು ತಿದ್ದುವುದಕ್ಕೂ ಅಜಗಜಾಂತರವಿದೆ.

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ತಕರಾರನ್ನೇ ತೆಗೆದುಕೊಳ್ಳಿ. 1911ರಲ್ಲಿ ಕೆಲಸ ಶುರುವಾದ, ಬೆಟ್ಟಕ್ಕೆ ಹತ್ತಿರದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ, ಸುರ್ಕಿಯ ಗಾರೆಯ ಮೇಲೆ. ಬೆಟ್ಟದಲ್ಲಿ ಕಲ್ಲು ಸಿಡಿಸಿದರೆ ಕಟ್ಟೆಗೆ ಅಪಾಯ ಎಂದು ರೈತರು ವರ್ಷಗಟ್ಟಲೆ ಕೂಗಿದರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ 20 ಕಿಲೋಮೀಟರ್ ಸುತ್ತಿನಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಅದೇ ವರ್ಷ ಮಳೆಗಾಲದಲ್ಲಿ ಅಧಿಕಾರಿಗಳು ಟ್ರಯಲ್ ಬ್ಲಾಸ್ಟ್ (ಪರೀಕ್ಷಾರ್ಥ ಸ್ಫೋಟ) ಮಾಡಲು ಹೊರಟಾಗ ರೈತರು ಮತ್ತೆ ಅಡ್ಡ ನಿಂತರು. ‘ಇವರಿಗೇನು ಗೊತ್ತು ವಿಜ್ಞಾನ’ ಎಂಬ ಮಾತು ಆಗ ಎಷ್ಟು ಸಲೀಸಾಗಿ ಬಂತು! ‘ಸ್ಫೋಟ’ ಎಂದು ಬರೆಯಲು ಬಾರದವರು ಸ್ಫೋಟದ ವಿಚಾರ ಮಾತಾಡಬಾರದು ಎಂಬ ಧೋರಣೆಯೂ ಅದರ ಒಡಹುಟ್ಟು. ರೈತರು ಕೇಳಿದ್ದಾದರೂ ಏನು? ಪರೀಕ್ಷೆಯೇ ಕಟ್ಟೆಗೆ ಪೆಟ್ಟು ಕೊಟ್ಟರೆ ಹೊಣೆ ಯಾರದು? ಅದರ ವರದಿಯ ನೆಪದಲ್ಲಿ ಗಣಿ ಮತ್ತೆ ಬಾಗಿಲು ತೆರೆಯುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ? ಇವೆರಡೂ ಪ್ರಶ್ನೆಗಳಿಗೆ ಯಾವ ಕನ್ನಡದಲ್ಲಾದರೂ ಸರಿ, ಆ ಊರುಗಳಿಗೇ ಬಂದು, ರೈತರ ಎದುರಿನಲ್ಲಿ ಉತ್ತರ ಹೇಳಬೇಕು.