ಕಣ್ಣಿಗೆ ಕನ್ನಡ, ಕಿವಿಗೆ ಕಗ್ಗ

ನಮ್ಮ ಕಚೇರಿಗಳೂ ವಿದ್ಯಾಸಂಸ್ಥೆಗಳೂ ಹೊರಡಿಸುತ್ತಿರುವ ಕನ್ನಡ ಕಾಗದಪತ್ರಗಳಲ್ಲಿ ಎಷ್ಟೋ ಪತ್ರಗಳು ಕನ್ನಡದಲ್ಲಿಯೇ ಇಲ್ಲವೆಂದು ನಾವು ಹೇಳಿದರೆ ವಾಚಕರು ಹುಬ್ಬೇರಿಸಿಯಾರು. ಆದರೆ ಸಂಗತಿ ನಿಜ. ಕಣ್ಣುಳ್ಳವರಿಗೆ ಇದು ತಿಳಿಯುವುದಿಲ್ಲ. ಅಂಧ ವಿದ್ಯಾರ್ಥಿಗಳಿಗೆ ದಿನವೂ ತಿಳಿಯುತ್ತದೆ.

ಗಣಕಯಂತ್ರದ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ 'ಸ್ಕ್ರೀನ್ ರೀಡರ್' ಎಂಬ ಸಾಧನವೊಂದುಂಟು. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ತರುಣನು ಆರಂಭಿಸಿದ ಎನ್.ವಿ.ಡಿ.ಎ. ಎಂಬುದನ್ನು ಯಾರು ಬೇಕಾದರೂ ಕಾಸಿಲ್ಲದೆ ಪಡೆಯಬಹುದು. ಅದು ಕನ್ನಡವನ್ನೂ ಓದಬಲ್ಲುದು. ಆದರೆ ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅಕ್ಷರದ ಹಿಂದಿರುವ ಸಂಕೇತಸಂಖ್ಯೆಯನ್ನು ಓದುತ್ತದೆ. ತೊಡಕು ಇರುವುದು ಇಲ್ಲಿಯೇ.

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವು ದೊರೆತಿತ್ತು. ಆದರೆ ಅಂದಿನ ಯಂತ್ರಗಳು ಅದನ್ನು ಅರಿಯದ ಕಾರಣ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸುವ ಉಪಾಯವು ಬಳಕೆಗೆ ಬಂದಿತು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಗಳೆಲ್ಲ ಈ ಬಗೆಯವು. ಅವು ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಆ ನುಡಿಯಲ್ಲಿ 'ಕನ್ನಡ' ಎಂಬ ಮೂರಕ್ಷರವನ್ನು ಬೆರಳಚ್ಚು ಮಾಡಿದರೆ ಕಡತದೊಳಗೆ ನಿಲ್ಲುವುದೇನು? ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀರು ಹೊತ್ತ 'ಎ', ಪೌಂಡು ನಾಣ್ಯದ ಗುರುತು, ಮತ್ತೆ ಅದೇ 'ಎ', ಜರ್ಮನರದೊಂದು 'ಎಸ್', 'ಕ್ಯೂ', ಕಡೆಗೆ ಇನ್ನೊಂದು 'ಎ'. ಆಂಗ್ಲರು 1947ರಲ್ಲಿಯೇ ದೇಶವನ್ನು ಬಿಟ್ಟುಹೋದರು. ಅವರ ನಾಣ್ಯದ ಗುರುತು ಮಾತ್ರ ನಮ್ಮ ನುಡಿಯ ಹೆಸರಿನ ಹೊಟ್ಟೆಯಲ್ಲಿ ಇನ್ನೂ ಕುಳಿತಿದೆ! ಪಾಠವನ್ನು ಕೇಳಲು ಕುಳಿತ ವಿದ್ಯಾರ್ಥಿಯ ಕಿವಿಗೆ ಬೀಳುವುದು ಈ ಕಗ್ಗವೇ.

ಇದಕ್ಕಿಂತಲೂ ವಿಚಿತ್ರವಾದ ಪದ್ಧತಿಯೊಂದಿದೆ. ಸುತ್ತೋಲೆಯನ್ನು ಗಣಕಯಂತ್ರದಲ್ಲಿಯೇ ಬೆರಳಚ್ಚಿಸುತ್ತಾರೆ. ಕಾಗದದ ಮೇಲೆ ಮುದ್ರಿಸುತ್ತಾರೆ. ರುಜು ಹಾಕಿ, ಮೊಹರು ಒತ್ತಿ, ಆ ಕಾಗದದ ಛಾಯಾಪ್ರತಿಯನ್ನು ತೆಗೆದು ಪಿ.ಡಿ.ಎಫ್. ಆಗಿ ಮತ್ತೆ ಯಂತ್ರಕ್ಕೇ ಏರಿಸುತ್ತಾರೆ. ಮೊದಲು ಅಕ್ಷರವಾಗಿದ್ದುದು ಕಡೆಗೆ ಚಿತ್ರವಾಯಿತು. ಅಂಧನ ಯಂತ್ರವು ಅದರ ಮುಂದೆ ಮೂಕವಾಗುತ್ತದೆ. ಪರೀಕ್ಷೆಯ ವೇಳಾಪಟ್ಟಿಯಾಗಲಿ, ವಿದ್ಯಾರ್ಥಿವೇತನದ ಕಡೆಯ ದಿನವಾಗಲಿ ಹೀಗೆ ಚಿತ್ರವಾಗಿ ಬಂದರೆ, ಅವನು ಓದಿಹೇಳುವವರನ್ನು ಹುಡುಕಿಕೊಂಡು ಅಲೆಯಬೇಕು; ಅಷ್ಟರಲ್ಲಿ ದಿನವು ಮೀರಿರಬಹುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ ಮಂದಿ. ಇವರ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 42ನೆಯ ಕಲಮಿನಂತೆ ಮುದ್ರಿತ ಮತ್ತು ವಿದ್ಯುನ್ಮಾನ ವಿಷಯಗಳೆಲ್ಲವೂ ಅವರಿಗೆ ನಿಲುಕುವ ರೂಪದಲ್ಲಿ ದೊರೆಯುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಇಂತಹ ನಿಯಮಗಳು ಕೇವಲ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತಿತು. ಗ್ರಂಥಸ್ವಾಮ್ಯದ ನೆಪವೂ ನಿಲ್ಲುವಂತಹುದಲ್ಲ. ಅಂಗವಿಕಲರಿಗಾಗಿ ಪುಸ್ತಕಗಳನ್ನು ರೂಪಾಂತರಿಸಲು 2012ರ ತಿದ್ದುಪಡಿಯೇ ಅನುಮತಿಯನ್ನಿತ್ತಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದುದು ನಮ್ಮ ಭಾರತವೇ.

ಹಳೆಯ ಪುಸ್ತಕಗಳ ಗತಿಯೇನೆಂದು ಕೆಲವರು ಕೇಳುವರು. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡವು, ಮುದ್ರಿತ ಕನ್ನಡ ಪುಟದ ಚಿತ್ರವನ್ನು ಯೂನಿಕೋಡ್ ಅಕ್ಷರಗಳಾಗಿ ಪರಿವರ್ತಿಸುವ 'ಲಿಪಿಜ್ಞಾನಿ'ಯನ್ನು ರಚಿಸಿದೆ. ಆದಕಾರಣ ಕೊರತೆಯು ವಿದ್ಯೆಯದಲ್ಲ. ಹೊಸ ಪತ್ರಗಳಿಗಂತೂ ಇಷ್ಟರ ಅವಶ್ಯಕತೆಯೂ ಇಲ್ಲ: ಯೂನಿಕೋಡಿನಲ್ಲಿ ಬೆರಳಚ್ಚಿಸಿದರಾಯಿತು. ಯೂನಿಕೋಡನ್ನೇ ಶಿಷ್ಟತೆಯೆಂದು ನಮ್ಮ ಸರಕಾರವು ಅಂಗೀಕರಿಸಿ ಹತ್ತು ವರ್ಷಗಳು ಮೀರಿವೆ. ಮೇಜಿನ ಹಿಂದಿನ ಅಭ್ಯಾಸವು ಮಾತ್ರ ಆಜ್ಞೆಗೆ ಮಣಿದಿಲ್ಲ.

ಬಸವನಗುಡಿ, ಮಲ್ಲೇಶ್ವರಗಳ ಕಾಲೇಜುಗಳ ಅಧ್ಯಾಪಕರಿಗೆ ನಮ್ಮದೊಂದು ಸೂಚನೆಯುಂಟು. ತಮ್ಮ ಟಿಪ್ಪಣಿಯ ಎರಡು ಸಾಲುಗಳನ್ನು ನಕಲಿಸಿ, ಅಲಂಕಾರವಿಲ್ಲದ ಖಾಲಿ ಕಡತವೊಂದರಲ್ಲಿ ಅಂಟಿಸಿ ನೋಡಲಿ. ಕನ್ನಡವು ಬಂದರೆ ಯಂತ್ರವು ಓದಬಹುದು. ಇಂಗ್ಲಿಷಿನ ಕಲಸುಮೇಲೋಗರವು ಬಂದರೆ ಓದಲಾರದು. ಅನಂತರ ಶೀರ್ಷಿಕೆಗಳನ್ನು ಬರಿದೆ ದಪ್ಪಕ್ಷರದಲ್ಲಿ ಬರೆಯದೆ ಶೀರ್ಷಿಕೆಯೆಂದೇ ಗುರುತಿಸಬೇಕು. ನಕ್ಷೆಗಳಿಗೆ ಒಂದೆರಡು ಮಾತುಗಳ ವಿವರಣೆಯನ್ನು ಸೇರಿಸಬೇಕು. 1915ರಿಂದ ನಾಡನುಡಿಯ ಸೇವೆಗೆ ನಿಂತು ಚಾಮರಾಜಪೇಟೆಯಲ್ಲಿ ನೆಲೆಸಿರುವ ಸಾಹಿತ್ಯ ಪರಿಷತ್ತು ತನ್ನ ಪ್ರಕಟನೆಗಳಲ್ಲಿ ಇದನ್ನು ನಿಯಮವಾಗಿ ಪಾಲಿಸುವುದಾದರೆ ಇತರ ಪ್ರಕಾಶಕರಿಗೂ ಮೇಲ್ಪಂಕ್ತಿಯಾದೀತು.

ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ನಾವು ಕೇಳಿಕೊಳ್ಳುವುದು ಒಂದು ಆಜ್ಞೆಯನ್ನು: ಛಾಯಾಪ್ರತಿಯೊಂದಿಗೆ ಯೂನಿಕೋಡಿನ ಮೂಲಪ್ರತಿಯನ್ನೂ ಇಡದೆ ಯಾವ ಸುತ್ತೋಲೆಯೂ ಹೊರಡಕೂಡದು. ಆ ಆಜ್ಞೆಯನ್ನಾದರೂ ರುಜು ಮೊಹರುಗಳ ಬರಿಯ ಛಾಯಾಪ್ರತಿಯಾಗಿ ಹೊರಡಿಸದಿರಲಿ.