ಮ್ಯೂನ್ಸ್ಟರ್ ಸಂಧಿಚಿತ್ರ: ಎರಡು ಪ್ರಮಾಣ, ಒಂದು ಶಾಂತಿ

ಯುದ್ಧವನ್ನು ಚಿತ್ರಿಸುವುದಕ್ಕಿಂತ ಶಾಂತಿಯನ್ನು ಚಿತ್ರಿಸುವುದು ಕಷ್ಟ. ಯುದ್ಧಕ್ಕೆ ಕುದುರೆ, ಕತ್ತಿ, ಹೊಗೆ, ರಕ್ತಗಳೆಂಬ ಸಿದ್ಧಸಾಮಗ್ರಿಯುಂಟು. ಶಾಂತಿಗೆ ಅಂತಹುದಿಲ್ಲವಾದುದರಿಂದ ಚಿತ್ರಕಾರರು ಹಲವೊಮ್ಮೆ ದೇವತೆಗಳನ್ನೋ ಆಲಿಂಗನವನ್ನೋ ಆಶ್ರಯಿಸಿದ್ದಾರೆ. ಡಚ್ ಚಿತ್ರಕಾರ ಗೆರಾರ್ಡ್ ಟೆರ್ ಬೋರ್ಖ್ 1648ರಲ್ಲಿ ರಚಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರವು ಈ ರೂಢಿಯಿಂದ ದೂರ ನಿಂತಿದೆ.

1568ರಲ್ಲಿ ಆರಂಭವಾಗಿ, ನಡುವೆ ಹನ್ನೆರಡು ವರ್ಷಗಳ ಕದನವಿರಾಮವನ್ನು ಕಂಡು, ಎಂಬತ್ತು ವರ್ಷಗಳವರೆಗೆ ಸಾಗಿದ ಸ್ಪೇನ್–ಡಚ್ ಯುದ್ಧವು ಮ್ಯೂನ್ಸ್ಟರ್ ಸಂಧಿಯಿಂದ ಮುಗಿಯಿತು. ಸ್ಪೇನ್ ದೊರೆಯು ಡಚ್ ಗಣರಾಜ್ಯದ ಸ್ವಾತಂತ್ರ್ಯವನ್ನು ಒಪ್ಪಿಕೊಂಡನು. 1648ರ ಮೇ 15ರಂದು ಮ್ಯೂನ್ಸ್ಟರ್ ನಗರಭವನದಲ್ಲಿ ಆ ಸಂಧಿಯನ್ನು ಪ್ರಮಾಣಪೂರ್ವಕವಾಗಿ ದೃಢೀಕರಿಸಿದ ಗಳಿಗೆಯೇ ಚಿತ್ರದ ವಸ್ತು. ಅರ್ಧ ಮೀಟರಿಗಿಂತ ತುಸು ಅಗಲವಾದ ತಾಮ್ರದ ತಗಡಿನ ಮೇಲೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಕಿಕ್ಕಿರಿದು ನಿಂತಿದ್ದಾರೆ. ಎಡ ಅಂಚಿನಲ್ಲಿ ನೋಡುಗರತ್ತ ದೃಷ್ಟಿಯಿಟ್ಟಿರುವವನು ಸ್ವತಃ ಚಿತ್ರಕಾರನೆಂದು ಗುರುತಿಸಲಾಗಿದೆ. ಸಾಕ್ಷಿಯ ಸ್ಥಾನವನ್ನು ಅವನು ತಾನೇ ವಹಿಸಿಕೊಂಡಿದ್ದಾನೆ.

ಆದರೆ ಈ ಸಾಕ್ಷಿ ಒಂದು ವಿಷಯದಲ್ಲಿ ನಡೆದುದನ್ನು ನಡೆದಂತೆ ಹೇಳುವುದಿಲ್ಲ. ಪ್ರಮಾಣಗಳು ನಡೆದುದು ಒಂದು ಪಕ್ಷದ ಬಳಿಕ ಇನ್ನೊಂದು ಪಕ್ಷದಂತೆ. ಚಿತ್ರದಲ್ಲಿ ಎರಡೂ ಏಕಕಾಲದಲ್ಲಿ ನಡೆಯುತ್ತಿವೆ. ಕಾಲಕ್ರಮವನ್ನು ಬದಲಿಸಿದ ಚಿತ್ರಕಾರನು ಭೇದವನ್ನು ಮಾತ್ರ ಅಳಿಸಲಿಲ್ಲ. ಡಚ್ಚರು ತಮ್ಮ ಪದ್ಧತಿಯಂತೆ ಎರಡು ಬೆರಳುಗಳನ್ನೆತ್ತಿದ್ದಾರೆ. ಸ್ಪೇನಿನ ಪ್ರತಿನಿಧಿಗಳಾದ ಪೆನ್ಯರಾಂಡಾ ಮತ್ತು ಬ್ರೂನ್ ಶಿಲುಬೆ ಹಾಗೂ ಸುವಾರ್ತಾಗ್ರಂಥದ ಮೇಲೆ ಕೈಯಿಟ್ಟಿದ್ದಾರೆ. ಯಾರೂ ಯಾರನ್ನೂ ಅಪ್ಪಿಕೊಂಡಿಲ್ಲ. ಯಾರೂ ಯಾರ ಮುಂದೆಯೂ ಮಂಡಿಯೂರಿಲ್ಲ. ಎರಡು ಮತಪಂಥಗಳು ತಂತಮ್ಮ ರೀತಿಯಲ್ಲಿ ಒಂದೇ ಮಾತಿಗೆ ಬದ್ಧವಾಗಿವೆ.

ಇದರೊಡನೆ ಮೊಗಲ್ ಚಿತ್ರಕಾರ ಅಬುಲ್ ಹಸನನ ಸುಮಾರು 1618ರ ಕೃತಿಯನ್ನು ಹೋಲಿಸಬಹುದು. ಅಲ್ಲಿ ಜಹಾಂಗೀರನು ಇರಾನಿನ ಶಾ ಅಬ್ಬಾಸನನ್ನು ಆಲಿಂಗಿಸಿದ್ದಾನೆ. ದೊರೆಗಳ ಪಾದದಡಿ, ಭೂಗೋಳದ ಮೇಲೆ, ಸಿಂಹವೂ ಕುರಿಯೂ ಒಟ್ಟಿಗೆ ಮಲಗಿವೆ. ಆದರೆ ಜಹಾಂಗೀರನ ದೇಹ ಬೃಹತ್ತು, ಅಬ್ಬಾಸನದು ಕೃಶ. ಸಿಂಹವು ಜಹಾಂಗೀರನ ಪಾದದಡಿಯದು, ಕುರಿ ಅಬ್ಬಾಸನ ಪಾದದಡಿಯದು. ದೊರೆಗಳಿಬ್ಬರೂ ಎಂದೂ ಭೇಟಿಯಾದವರಲ್ಲ. ಅದು ಕನಸಿನ ಚಿತ್ರ. 1622ರಲ್ಲಿ ಶಾ ಅಬ್ಬಾಸನು ಕಂದಹಾರವನ್ನು ವಶಪಡಿಸಿಕೊಂಡನು. ಅಪ್ಪುಗೆಯ ಹಿಂದೆ ಮೇಲರಿಮೆಯಿದ್ದರೆ ಅದು ಶಾಂತಿಯಾಗದು; ಗೆಲುವಿನ ಇನ್ನೊಂದು ರೂಪವಷ್ಟೇ ಆದೀತು.

ಹಾಗೆಂದು ಟೆರ್ ಬೋರ್ಖನ ಚಿತ್ರವನ್ನು ಪೂರ್ಣಸತ್ಯವೆಂದು ಭಾವಿಸಲಾಗದು. ಅದೇ ಸಂಧಿಯು ಶೆಲ್ಡ್ ನದಿಯ ಜಲಮಾರ್ಗವನ್ನು ಮುಚ್ಚಿಯೇ ಇರಿಸಿ, ಸ್ಪೇನಿನ ಆಡಳಿತದಲ್ಲಿದ್ದ ಆಂಟ್‌ವರ್ಪ್ ನಗರದ ವಾಣಿಜ್ಯವನ್ನು ಕುಂಠಿತಗೊಳಿಸಿತು. ಡಚ್ಚರ ಮಿತ್ರರಾಷ್ಟ್ರವಾಗಿದ್ದ ಫ್ರಾನ್ಸ್ ಮತ್ತು ಸ್ಪೇನಿನ ನಡುವಣ ಯುದ್ಧ 1659ರವರೆಗೂ ನಿಲ್ಲಲಿಲ್ಲ. ಶಾಂತಿಯ ಬೆಲೆ ತೆತ್ತವರಿಗೆ ಆ ಸಭಾಂಗಣದಲ್ಲಿ ಸ್ಥಳವಿಲ್ಲ.

ಆದುದರಿಂದ ಸಂಧಿಚಿತ್ರವನ್ನು ಆಕರವಾಗಿ ಬಳಸುವ ಸಂಶೋಧಕನು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಚಿತ್ರಕಾರನು ಏನನ್ನು ಬದಲಿಸಿದನು, ಏನನ್ನು ಉಳಿಸಿದನು, ಯಾರನ್ನು ಹೊರಗಿಟ್ಟನು? ಟೆರ್ ಬೋರ್ಖನು ಬದಲಿಸಿದುದು ಕ್ರಮವನ್ನು, ಉಳಿಸಿದುದು ಭಿನ್ನತೆಯನ್ನು. ಹಳೆಯ ವೈರಿಗಳು ಒಂದಾದರೆಂಬ ಭ್ರಮೆಯನ್ನು ಹುಟ್ಟಿಸದೆ, ಭಿನ್ನರಾಗಿದ್ದೇ ಮಾತಿಗೆ ಕಟ್ಟುಬಿದ್ದರೆಂದು ತೋರಿಸಿರುವುದು ಆ ಚಿತ್ರದ ಹಿರಿಮೆ. ಸ್ನೇಹವನ್ನು ಯಾವ ಸಂಧಿಪತ್ರವೂ ವಿಧಿಸಲಾರದು. ಕೊಟ್ಟ ಮಾತನ್ನು ಮಾತ್ರ ವಿಧಿಸಬಲ್ಲದು.