ಓಡುವ ಕುದುರೆ, ಕೈಯಲ್ಲಿ ಬಿಲ್ಲು

ಗುಬ್ಬಿಯಿಂದ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಹದಿನಾರರ ಮಗಳು ಫೋನಿನಲ್ಲಿ ಎಲ್ಲೋ ನೋಡಿ, ಓಡುವ ಕುದುರೆ ಮೇಲಿಂದ ಬಾಣ ಬಿಡೋದು ಕಲೀತೀನಿ ಅಂತ ಹಟ ಹಿಡಿದಿದ್ದಾಳಂತೆ. "ಕೈಕಾಲು ಮುರಿದುಕೊಂಡರೆ ಇವಳ ಗತಿಯೇನಕ್ಕಾ?" ಎಂದು ಕೇಳಿದ್ದಾರೆ.

ಬೀಳುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಮಗ ಬೈಕು ಕೇಳಿದಾಗಲೂ ಹೀಗೇ ಕಾಗದ ಬರೆದಿರುತ್ತಿದ್ದಿರಾ, ಹೇಳಿ?

ಇದನ್ನು ಇಂದಿನ ಸ್ಪರ್ಧೆಯಾಗಿ ರೂಪಿಸಿದವರಲ್ಲಿ ಹಂಗೇರಿಯ ಲಾಯೋಶ್ ಕಶ್ಶಾಯ್ ಮುಖ್ಯರು. ಅವರ ಪದ್ಧತಿಯಲ್ಲಿ ಓಟದ ದಾರಿ 99 ಮೀಟರ್. ಗುರಿ ದಾರಿಯ ನಡುಭಾಗದಲ್ಲಿ, ಪಕ್ಕಕ್ಕೆ. ಎದುರು ಬರುವಾಗ, ಪಕ್ಕಕ್ಕೆ ಬಂದಾಗ, ದಾಟಿ ಹೋದ ಮೇಲೆ ಹಿಂದಿರುಗಿಯೂ ಹೊಡೆಯಬೇಕು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಇದೆಲ್ಲಕ್ಕೂ ಸಿಗುವುದು ಸುಮಾರು 10 ಸೆಕೆಂಡು! ಕಣ್ಣು ಗುರಿಯ ಮೇಲೆ. ಬಾಣವನ್ನು ಹೆದೆಗೆ ಹೂಡುವುದು ಬೆರಳುಗಳಿಗೇ ಗೊತ್ತಿರಬೇಕು. ಓಡುವ ಬಸ್ಸಿನಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ. ಲಗಾಮು ಕೈಬಿಟ್ಟಿರುತ್ತದೆ, ಕುದುರೆಗೆ ಹೇಳಬೇಕಾದ್ದನ್ನೆಲ್ಲ ತೊಡೆ, ಸೊಂಟದಿಂದಲೇ ಹೇಳಬೇಕು. ನಾಗಾಲೋಟದಲ್ಲಿ ನಾಲ್ಕು ಗೊರಸೂ ನೆಲ ಬಿಟ್ಟಿರುವ ಒಂದು ಕ್ಷಣ ಬರುತ್ತದೆ. ಆಗ ಮೈ ಕುಲುಕುವುದಿಲ್ಲ. ಬಲ್ಲವರು ಬಾಣ ಬಿಡುವುದು ಆಗಲೇ. ಅನೇಕ ಸ್ಪರ್ಧೆಗಳಲ್ಲಿ ಹೆಂಗಸರು ಗಂಡಸರು ಒಟ್ಟಿಗೇ ಸೆಣಸುತ್ತಾರೆ.

"ಹತ್ತಿರದಲ್ಲೇ ಕುಣಿಗಲ್ ಇದೆಯಲ್ಲ, ಅಲ್ಲಿಗೇ ಸೇರಿಸಲೇ?" ಎಂದಿದ್ದೀರಿ. ಬೇಡಿ. ಕುಣಿಗಲ್ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು ನಿಜ, ಆದರೆ ಅದು ರೇಸ್ ಕುದುರೆಗಳ ತಳಿ ಬೆಳೆಸಿದ ಜಾಗ, ಸವಾರಿ ಶಾಲೆಯಲ್ಲ. ಕಿವಿಯ ಪಕ್ಕ ಬಾಣ ಸುಯ್ಯೆಂದರೂ ಬೆಚ್ಚದ, ಸಮಾಧಾನದ ಕುದುರೆ ನಿಮ್ಮ ಹುಡುಗಿಗೆ ಬೇಕು. (ನಿಮ್ಮೂರಿನ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ದೀಪ, ವಾದ್ಯ, ಜನರ ಗದ್ದಲದ ನಡುವೆ ಆ ಪ್ರಾಣಿಗಳನ್ನು ಹೇಗೆ ಪಳಗಿಸಿದರೋ!)

ಮೊದಲ ವರ್ಷ ಬಿಲ್ಲು ಬೇರೆ, ಕುದುರೆ ಬೇರೆ. ಬಿಲ್ವಿದ್ಯೆಯನ್ನು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಬಲ್ಲವರ ಮುಂದೆ, ನೆಲದ ಮೇಲೆ ನಿಂತೇ ಕಲಿಯಲಿ. ಸವಾರಿಯಲ್ಲಿ ನಡಿಗೆ, ದುಡುಕಿ ಪಳಗಿದ ಮೇಲೆ, ಗುರುಗಳು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ತಿರುಗಿಸುವಾಗ ಎರಡೂ ಕೈ ಚಾಚಿ ಕೂರುವುದನ್ನು ಅಭ್ಯಾಸ ಮಾಡಲಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದೇ ಇರಬೇಕು, ಸೆಕೆ ಎಂದು ಸಡಿಲಿಸಕೂಡದು.

ಶಾಲೆ ನೋಡಲು ನೀವೇ ಹೋಗಿ. ಆಫೀಸಿಗಿಂತ ಮೊದಲು ಲಾಯಕ್ಕೆ ನಡೆಯಿರಿ. ಕುದುರೆಯ ಬೆನ್ನಲ್ಲಿ ಹುಣ್ಣಿದ್ದರೆ, ನೀರಿನ ತೊಟ್ಟಿ ಪಾಚಿ ಕಟ್ಟಿದ್ದರೆ, ಫೀಸು ಕಟ್ಟದೆ ವಾಪಸು ಬನ್ನಿ. ಪ್ರಾಣಿಯನ್ನು ನೋಡಿಕೊಳ್ಳದವರು ಹುಡುಗಿಯನ್ನು ನೋಡಿಕೊಂಡಾರೆಯೇ?

ಮೊದಲ ವಾರ ತೊಡೆ ಹಿಡಿದುಕೊಂಡು ಅಳುತ್ತಾ ಬರುತ್ತಾಳೆ. ಬಿಸಿನೀರು ಹುಯ್ಯಿರಿ, ಒಂದು ಲೋಟ ರಾಗಿ ಅಂಬಲಿ ಕೊಡಿ. ಎರಡನೇ ವಾರವೂ ತಾನಾಗಿ ಹೊರಟು ನಿಂತರೆ, ನನಗೆ ಇನ್ನೊಂದು ಕಾಗದ ಬರೆಯಿರಿ.